ಅಂಕಲಿಪಿಗಿಂತ ಮೊದಲು ಬಸ್ಸಿನ ಬೋರ್ಡು

ಸಭೆಯ ಅಧ್ಯಕ್ಷರೇ, ಬಾಲವಾಡಿಯ ಕಾರ್ಯಕರ್ತೆಯರೇ, ಬರುವ ಜೂನ್‌ನಲ್ಲಿ ಮಕ್ಕಳನ್ನು ಒಂದನೇ ತರಗತಿಗೆ ಕಳಿಸಲಿರುವ ಶಿರಸಿ ಸುತ್ತಲಿನ ತಾಯಿ ತಂದೆಯರೇ,

ಮೊದಲು ಘಟ್ಟದ ಕೆಳಗೆ, ಆಮೇಲೆ ಘಟ್ಟದ ಮೇಲೆ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿದ ನನಗೆ ಎರಡೂ ಕಡೆ ಎದುರಾದ ಪ್ರಶ್ನೆ ಒಂದೇ. ‘ಮಾಸ್ತರೇ, ನಮ್ಮ ಮಾಣಿಗೆ ನಾಲ್ಕು ತುಂಬಿತು, ಇನ್ನೂ ಅ ಆ ಬರೆಯಲಿಕ್ಕೆ ಬರುವುದಿಲ್ಲವಲ್ಲ?’ ಇದಕ್ಕೆ ನಾನು ತಿರುಗಿ ಕೇಳುವುದು, ಮಾಣಿ ನಿನ್ನೆ ತೋಟದಲ್ಲಿ ಏನಾಯಿತೆಂದು ನಾಲ್ಕು ಮಾತು ಕೂಡಿಸಿ ಹೇಳುತ್ತಾನೆಯೇ ಎಂದು. ಹೇಳುತ್ತಾನಾದರೆ ಅವನ ಓದು ಆಗಲೇ ಶುರುವಾಗಿದೆ. ಅಕ್ಷರವೆಂಬುದು ಬಾಯಲ್ಲಿ ಈಗಾಗಲೇ ಇರುವ ಮಾತಿಗೆ ಹಚ್ಚುವ ಗುರುತು. ಮಾತೇ ಇಲ್ಲದ ಕಡೆ ಗುರುತನ್ನು ಹಚ್ಚುವುದು ಯಾವುದಕ್ಕೆ?

ಬರೆಯುವ ಅವಸರದ ಕುರಿತು ಮೊದಲು ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಮಗುವಿನ ಮಣಿಕಟ್ಟಿನ ಎಲುಬುಗಳಲ್ಲಿ ಕೆಲವು ಇನ್ನೂ ಗಟ್ಟಿಯಾಗದೆ ಮೃದ್ವಸ್ಥಿಯಾಗಿಯೇ ಇರುತ್ತವೆ. ಪೆನ್ಸಿಲ್ಲನ್ನು ಮೂರು ಬೆರಳಿನಲ್ಲಿ ಹಿಡಿದು ಬೆರಳುಗಳಿಂದಲೇ ಆಡಿಸುವ ಹದ ಸಾಮಾನ್ಯವಾಗಿ ಐದಾರು ವರ್ಷದ ಹೊತ್ತಿಗೆ ಕೂಡಿಬರುತ್ತದೆ. ಅಲ್ಲಿಯವರೆಗೆ ಹಲವು ಮಕ್ಕಳು ಮುಷ್ಟಿ ಕಟ್ಟಿ, ಇಡೀ ತೋಳನ್ನೇ ಎಳೆದಾಡಿ ಬರೆಯುತ್ತವೆ. ಪರಿಚಯದ ಮನೆಯೊಂದರ ನಾಲ್ಕೂವರೆ ವರ್ಷದ ಕೂಸಿಗೆ ಅದರ ಶಾಲೆಯವರು ದಿನಕ್ಕೆ ಐದು ಪುಟ ಬರೆದು ತರಲು ಹೇಳಿದ್ದರು. ಕೂಸು ಮೂರನೆಯ ಪುಟಕ್ಕೆ ಅಳುತ್ತಿತ್ತು, ಉಳಿದೆರಡು ಪುಟವನ್ನು ಅದರ ಆಯಿ ಎಡಗೈಯಲ್ಲಿ ಬರೆದು ತುಂಬಿಸುತ್ತಿದ್ದಳು. ಈ ಬರವಣಿಗೆಯಿಂದ ಯಾರು ಏನು ಕಲಿತರೋ ನನಗೆ ತಿಳಿಯದು. ವಿಜಯದಶಮಿಯ ಅಕ್ಷರಾಭ್ಯಾಸದಲ್ಲಿ ಹಿರಿಯರು ಹರಿವಾಣದ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುತ್ತಾರಲ್ಲ, ಅದನ್ನೇ ಒಂದು ವರ್ಷ ಮುಂದುವರಿಸಿದರೆ ಸಾಕು. ಕರಾವಳಿಯವರಿಗೆ ಮರಳಿಗೇನು ಬರವೇ? ಜೊತೆಗೆ ಅವರೆಕಾಯಿ ಸುಲಿಯುವುದು, ದಂಡೆಗೆ ಹೂ ಜೋಡಿಸಿಕೊಡುವುದು, ರೊಟ್ಟಿಯ ಹಿಟ್ಟು ನಾದುವುದು, ಇವೆಲ್ಲ ಬೆರಳಿಗೆ ಬರವಣಿಗೆಯ ತಯಾರಿಯೇ.

ಇನ್ನು ಅಕ್ಷರಗಳ ವಿಷಯ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳು. 34 ವ್ಯಂಜನಗಳಿಗೆ ತಲಾ 15ರಂತೆ ಕಾಗುಣಿತ ಬರೆದರೆ 510 ರೂಪಗಳು, ಅದರ ಮೇಲೆ ಒತ್ತಕ್ಷರಗಳು. ಒಂದನೇ ತರಗತಿಯ ಮಗು ಇಷ್ಟನ್ನೂ ಕಂಠಪಾಠ ಮಾಡಿದ ಮೇಲೆಯೇ ಒಂದು ಪದ ಓದಬೇಕೆಂದರೆ ಅದು ಅಡಿಕೆ ಸಸಿ ನೆಟ್ಟು ಗೊನೆಗಾಗಿ ಕಾದಂತೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯು ಈ ಕ್ರಮವನ್ನು ಮುರಿದು ‘ರ ಗ ಸ ದ ಅ’ ಎಂಬ ಐದರಿಂದ ಹೊರಟಿತು. ಈ ಐದರಲ್ಲೇ ಸರ, ದರ, ಅಗಸ, ಅರಸ, ಗರಗಸ ಎಂದು ಮಗು ಮೊದಲ ವಾರಗಳಲ್ಲಿಯೇ ಪದ ಕಟ್ಟಬಹುದು. ಮನೆಯಲ್ಲಿ ಅಜ್ಜ ಅಂಕಲಿಪಿ ಹಿಡಿದು ‘ಅ ಆ ಇ ಈ’ ಎಂದು ಬೇರೆ ದಾರಿಯಲ್ಲಿ ಎಳೆಯುವುದುಂಟು. ಅಜ್ಜನನ್ನು ಬೈಯಬೇಡಿ, ಆ ಸಾಲು ಬಾಯಿಪಾಠದ ಹಾಡಾಗಿ ಇರಲಿ. ಓದುವ ದಾರಿ ಮಾತ್ರ ಶಾಲೆಯದೇ ಆಗಿರಲಿ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಇನ್ನೊಂದು ವಿಶೇಷವಿದೆ. ಕಾರವಾರದ ಹಲವು ಮನೆಗಳಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಕರಾವಳಿಯ ಕೊಪ್ಪಗಳಲ್ಲಿ ಹಾಲಕ್ಕಿ ಕನ್ನಡ, ಇಲ್ಲಿ ಹವ್ಯಕ. ಮನೆಯಲ್ಲಿ ‘ಆನು’ ಎನ್ನುವ ಕೂಸು ಪುಸ್ತಕದಲ್ಲಿ ‘ನಾನು’ ಎಂದು ಓದಬೇಕಾಗುತ್ತದೆ. ಇದನ್ನು ಕೊರತೆಯೆಂದು ತಿಳಿಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮಹಾಪ್ರಾಣಗಳನ್ನೇ ನೋಡಿ: ಕನ್ನಡ ಮನೆಯ ಮಗುವಿಗೆ ಘಕಾರ, ಝಕಾರಗಳು ದಿನದ ಮಾತಿನಲ್ಲಿ ಸಿಗುವುದು ಅಪರೂಪ. ಕೊಂಕಣಿ ಮಗುವಿಗೆ ಮನೆಯೇ ‘ಘರ’, ಮರ ‘ಝಾಡ’. ಆ ಎರಡು ಅಕ್ಷರಗಳನ್ನು ಕಲಿಸುವ ದಿನ ಅದೇ ಮಗುವನ್ನು ಎದ್ದು ನಿಲ್ಲಿಸಿ ಹೇಳಿಸಿದರೆ ತರಗತಿಗೆಲ್ಲ ಅದೇ ಗುರುವಾಗುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮನೆಯಲ್ಲಿ ಪುಸ್ತಕವಿಲ್ಲ ಎನ್ನುವವರು ಬಸ್ ನಿಲ್ದಾಣದಲ್ಲಿ ಮಗುವಿನ ಕೈಗೆ ಮೊಬೈಲ್ ಕೊಟ್ಟು ಕೂರಿಸುತ್ತಾರೆ. ಎದುರಿಗೆ ಬಂದು ನಿಲ್ಲುವ ಬಸ್ಸುಗಳ ಬೋರ್ಡುಗಳೇ ಒಳ್ಳೆಯ ಅಂಕಲಿಪಿ ಎಂಬುದು ನನ್ನ ಅನುಭವ, ಏಕೆಂದರೆ ಆ ಹೆಸರುಗಳೆಲ್ಲ ಮಗುವಿನ ಕಿವಿಗೆ ಪರಿಚಿತ. ‘ಕಾರವಾರ’ದಲ್ಲಿ ನಾಲ್ಕೇ ಅಕ್ಷರ, ಅದರಲ್ಲಿ ರಕಾರ ಎರಡು ಸಲ, ಆಕಾರದ ಗುರುತಾದ ಇಳಿ ಎರಡು ಸಲ, ‘ಇನ್ನೊಂದು ರ ಎಲ್ಲಿದೆ?’ ಎಂದರೆ ಮೂರು ವರ್ಷದ ಮಗುವೂ ಬೆರಳು ತೋರಿಸುತ್ತದೆ. ‘ಶಿರಸಿ’ಯಲ್ಲಿ ಇಕಾರದ ಗುರುತಾದ ಗುಡಿಸು ಎರಡು. ನಾವು ಆಡುವುದು ‘ಶಿರ್ಸಿ’, ಬೋರ್ಡಿನಲ್ಲಿರುವುದು ‘ಶಿರಸಿ’. ಆಡುವುದಕ್ಕೂ ಬರೆಯುವುದಕ್ಕೂ ಇರುವ ಅಂತರವನ್ನು ಮಗು ತಾನೇ ಕಂಡುಕೊಳ್ಳುವ ಜಾಗವಿದು. ‘ಹೊನ್ನಾವರ’, ‘ಯಲ್ಲಾಪುರ’ಗಳಲ್ಲಿ ಅಕ್ಷರದ ಕೆಳಗೆ ಅದರದೇ ಒತ್ತು, ‘ಭಟ್ಕಳ’ದಲ್ಲಿ ಬೇರೆಯದರ ಒತ್ತು. ‘ಗೋಕರ್ಣ’ ಸ್ವಲ್ಪ ಕಠಿಣ, ಅಲ್ಲಿ ಮೊದಲು ಉಚ್ಚರಿಸುವ ರಕಾರವು ಅರ್ಕಾವತ್ತಾಗಿ ಆಮೇಲೆ ಬರುತ್ತದೆ. ಅದನ್ನು ಎರಡನೇ ತರಗತಿಯವರೆಗೆ ಬಿಟ್ಟರೂ ಗೋಕರ್ಣ ಎಲ್ಲಿಗೂ ಹೋಗುವುದಿಲ್ಲ. ‘ಅಂಕೋಲಾ’ದ ಸೊನ್ನೆಯಲ್ಲಿ ಕೇಳುವುದು ಙಕಾರದ ದನಿ, ‘ಮುಂಡಗೋಡ’ದ ಸೊನ್ನೆಯಲ್ಲಿ ಣಕಾರದ್ದು. ಈಗಿನ ಬರವಣಿಗೆಯಲ್ಲಿ ಙ, ಞಗಳ ಕೆಲಸವನ್ನು ಹೆಚ್ಚಾಗಿ ಸೊನ್ನೆಯೇ ಮಾಡುತ್ತಿರುವಾಗ, ಅವೆರಡನ್ನು ಪಾಟಿಯ ಮೇಲೆ ಹತ್ತು ಹತ್ತು ಸಲ ತಿದ್ದಿಸಿ ಮಗುವಿನ ಸಂಜೆ ಕಳೆಯುವುದೇಕೆ?

ಕಿವಿಯ ಅಭ್ಯಾಸಕ್ಕೆ ಖರ್ಚೇ ಇಲ್ಲ. ಕಾ-ರ-ವಾ-ರ ಎಂದು ನಾಲ್ಕು ಚಪ್ಪಾಳೆ, ಶಿ-ರ-ಸಿ ಎಂದು ಮೂರು. ಪದದ ಕೊನೆಯ ಅಕ್ಷರ ಹಿಡಿದು ಹೊಸ ಪದ ಹೇಳುವ ಆಟ, ಮಳೆಗಾಲದ ರಾತ್ರಿ ಕರೆಂಟು ಹೋದಾಗ ಒಗಟು. ಯಕ್ಷಗಾನ ನೋಡಿ ಬಂದ ಮಗು ಮರುದಿನ ಬಟ್ಟಲು ಬಡಿದು ಅರ್ಥ, ಅಂದರೆ ಪಾತ್ರದ ಮಾತು, ಹೇಳತೊಡಗಿದರೆ ಗದ್ದಲವೆಂದು ತಡೆಯಬೇಡಿ. ಮನೆಮಾತಿನಲ್ಲಿ ಬಾರದ ಎಷ್ಟೋ ಪದಗಳು ಪುಸ್ತಕಕ್ಕಿಂತ ಮೊದಲೇ ಅದರ ಬಾಯಿಗೆ ಬಂದಿರುತ್ತವೆ, ಮುಂದೆ ಪುಟದಲ್ಲಿ ಕಂಡಾಗ ಅವು ಹಳೆಯ ನೆಂಟರಂತೆ ತೋರುತ್ತವೆ.

ತಪ್ಪುಗಳ ಬಗ್ಗೆ ಒಂದು ಮಾತು. ಮಗು ‘ಭಟ್ಕಳ’ವನ್ನು ‘ಬಟಕಳ’ ಎಂದು ಬರೆದರೆ ಅದಕ್ಕೆ ನಾಲ್ಕು ಅಕ್ಷರಗಳ ಸದ್ದು ಸರಿಯಾಗಿಯೇ ಕೇಳಿದೆ, ಒತ್ತು ಮತ್ತು ಮಹಾಪ್ರಾಣ ಇನ್ನೂ ಬಂದಿಲ್ಲವೆಂದು ಅರ್ಥ. ಕೆಂಪು ಶಾಯಿಯಲ್ಲಿ ಹೊಡೆದು ಹಾಕುವ ಬದಲು ಪಕ್ಕದಲ್ಲಿ ಸರಿಯಾದದ್ದನ್ನು ನೀವೇ ಬರೆದು ಎರಡನ್ನೂ ಹೋಲಿಸಲು ಬಿಡಿ. ಪ ಮತ್ತು ಷ, ದ ಮತ್ತು ಧ ಒಂದರಂತೆ ಇನ್ನೊಂದು ಕಾಣುವುದು ಎಲ್ಲ ಮಕ್ಕಳಿಗೂ ಆಗುವಂಥದ್ದು. ಆದರೆ ಬೋರ್ಡನ್ನು ತೀರ ಹತ್ತಿರ ಹೋಗಿ ನೋಡುವ, ಕರೆದದ್ದು ಕೇಳಿಸದಂತಿರುವ ಮಗುವಿಗೆ ಮೊದಲು ಕಣ್ಣು ಕಿವಿಗಳ ತಪಾಸಣೆ ಆಗಬೇಕು. ದಡ್ಡತನವೆಂದು ನಾವು ಹೆಸರಿಟ್ಟದ್ದು ಕನ್ನಡಕದಿಂದ ಸರಿಹೋದದ್ದನ್ನು ನಾನು ಕಂಡಿದ್ದೇನೆ.

ಕುಮಟಾ ಕಡೆಯ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಸಂಘಟಕರು ಹೇಳಿದ್ದಾರೆ. ಪ್ರಶ್ನೆಗಳಿದ್ದವರು ಕೇಳಬಹುದು.