ಕೆನಡಾದ ದಿನಗಳ ಲೆಕ್ಕ ಇಟ್ಕೊಳ್ರಿ

ಎಲ್ಲರಿಗೂ ಶರಣಾರ್ಥಿ. ಕಲಬುರಗಿ, ಬೀದರ, ಯಾದಗಿರಿ ಕಡಿಂದ ಕೆನಡಾಕ್ಕ ಹೋಗಿ ಪಿಆರ್ (ಅಲ್ಲೇ ಕಾಯಂ ಇರೋ ಹಕ್ಕು) ತಗೊಂಡವರು, ಊರಾಗಿರೋ ಅವರ ಅಪ್ಪ-ಅವ್ವ, ಎಲ್ಲರೂ ಕೇಳ್ಬೇಕಾದ ಮಾತಿದು.

ಪಿಆರ್ ಕಾರ್ಡಿನ ಮೇಲೆ ಇನ್ನೂ ಎರಡು ವರ್ಷ ಅದ ಅಂತ ಊರಾಗ ನಿಶ್ಚಿಂತಿ ಕೂಡಬ್ಯಾಡ್ರಿ. ಕಾರ್ಡ್ ಚಾಲ್ತಿ ಇದ್ರೂ ಕೆನಡಾದಾಗ ಇದ್ದ ದಿನ ಕಮ್ಮಿ ಬಿದ್ರ ಪಿಆರ್‌ಗೇ ಕುತ್ತು. ದಿನ ಪೂರ್ತಿ ಇದ್ದವರದು ಕಾರ್ಡಿನ ತಾರೀಖು ಮುಗೀತಂತ ಪಿಆರ್ ಹೋಗೂದಿಲ್ಲ. ವಾಪಸ್ ವಿಮಾನ ಹತ್ತಲಾಕ ಪಿಆರ್‌ಟಿಡಿ ಅನ್ನೋ ಪ್ರಯಾಣ ದಾಖಲೆ ಮಾಡಿಸ್ಬೇಕಾಗ್ತದ.

ಪಿಆರ್ ಉಳಿಲಾಕ ಹಿಂದಿನ 5 ವರ್ಷದಾಗ 730 ದಿನ ಕೆನಡಾದಾಗ ಇರ್ಬೇಕು, ಪೌರತ್ವಕ್ಕ 1,095. ಮಂದಿ ಈ ಎರಡೂ ಲೆಕ್ಕ ಕಲಸ್ತಾರ. ಪಿಆರ್ ಆಗೋಕಿಂತ ಮೊದಲು ಓದಲಾಕೋ ಕೆಲಸಕ್ಕೋ ಅಲ್ಲಿದ್ದ ದಿನ ಪೌರತ್ವಕ್ಕ ಅರ್ಧರ್ಧ ಅಂತ, ಹೆಚ್ಚಂದ್ರ 365 ದಿನದ ತನಕ ಸೇರ್ತಾವ. ಪಿಆರ್ ಲೆಕ್ಕಕ್ಕ ಒಂದೂ ಬರೂದಿಲ್ಲ. ಕೆನಡಾ ಪೌರನಾದ ಗಂಡನ ಜೋಡಿ ಹೊರದೇಶದಾಗ ಇದ್ದ ಹೆಂಡತಿಗೆ ಪಿಆರ್ ದಿನ ಓಡ್ತಾವ, ಪೌರತ್ವದ್ದು ನಿಲ್ತಾವ.

ಭಾಳ ಮಂದಿ ತಪ್ಪೋದು ತಾರೀಖಿನಾಗ. ಜನವರಿ 5ಕ್ಕ ಟೊರಾಂಟೊ ಬಿಟ್ರಿ, 7ಕ್ಕ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದಾಗ ಇಳಿದ್ರಿ, ಪಾಸ್‌ಪೋರ್ಟಿನಾಗ 7ರ ಸೀಲ್ ಬಿತ್ತು. ಅರ್ಜಿ ತುಂಬೋ ಮುಂದ ಅದನ್ನೇ ನೋಡಿ 7 ಅಂತ ಬರೀತೀರಿ. ತಪ್ಪು. ಕೆನಡಾ ಬಿಟ್ಟ ತಾರೀಖು 5. ವಾಪಸ್ ಬರೋದೂ ಹಂಗೇ: ಶಂಶಾಬಾದ್ ಬಿಟ್ಟದ್ದು ಮಾರ್ಚ್ 1, ಟೊರಾಂಟೊ ಮುಟ್ಟಿದ್ದು 2 ಇದ್ರ, 2 ಬರೀರಿ. ಬಿಟ್ಟ ದಿನ, ಮುಟ್ಟಿದ ದಿನ ಎರಡೂ ಕೆನಡಾದ ಲೆಕ್ಕಕ್ಕೇ ಸೇರ್ತಾವ. 2025ರಾಗ ಹಿಂಗ ಹೋಗಿ ಬಂದ್ರ ಗೈರು 55 ದಿನ. ಹೋಗಿ ಬಂದಾಗೆಲ್ಲ ಒಂದು ದಿನ ಹೆಚ್ಚುಕಮ್ಮಿ ಆದ್ರ ನಿಮ್ಮ ಕಾಗದ ಒಂದು ಹೇಳ್ತದ, ಗಡಿ ಇಲಾಖೆ ದಾಖಲೆ ಇನ್ನೊಂದು ಹೇಳ್ತದ. ಅದಕ್ಕ ಬರೇ 1,095ಕ್ಕ ಅರ್ಜಿ ಹಾಕಬ್ಯಾಡ್ರಿ, ಒಂದು ತಿಂಗಳರ ಮ್ಯಾಲ ಇರ್ಲಿ.

ಕೆನಡಾ ವಿಮಾನ ನಿಲ್ದಾಣದಾಗ ಪ್ರತಿ ಸಲ ಸೀಲ್ ಹೊಡೆಯೂದಿಲ್ಲ, ಸೀಲ್ ಒಂದನ್ನೇ ನಂಬಬ್ಯಾಡ್ರಿ. ಸಂಬಳದ ಚೀಟಿ, ತೆರಿಗೆ ಇಲಾಖೆಯ ವಾರ್ಷಿಕ ಪತ್ರ, ಬಾಡಿಗಿ ಕರಾರು, ಮಕ್ಕಳ ಸಾಲಿ ದಾಖಲೆ ವರ್ಷವಾರು ಕಟ್ಟಿಡ್ರಿ. ಮೂಲಿ ಕತ್ತರಿಸಿ ಕೊಟ್ಟ ಹಳೇ ಪಾಸ್‌ಪೋರ್ಟ್ ಊರಿನ ಟ್ರಂಕಿನಾಗ ಬಿಟ್ಟು ಹೋಗಬ್ಯಾಡ್ರಿ, ಅದರ ಖಾಲಿ ಹಾಳಿ ಸಹ ಸ್ಕ್ಯಾನ್ ಮಾಡಿಡ್ರಿ.

ಹಡೆದವರ ಆರೈಕಿಗಂತ ಬಂದು ವರ್ಷಗಟ್ಟಲೆ ಉಳಿದವರ ಸಂಕಟ ದೊಡ್ಡದು. ಆ ದಿನಗಳಿಗೆ ನೇರ ವಿನಾಯಿತಿ ಇಲ್ಲ. ಮಾನವೀಯ ಕಾರಣ ಅಂತ ಕೇಳ್ಕೋಬಹುದು, ಆದ್ರ ಕೊಡ್ಲೇಬೇಕಂತ ಇಲ್ಲ. ದವಾಖಾನಿ ಡಿಸ್ಚಾರ್ಜ್ ಪತ್ರ, ಡಾಕ್ಟರ ಬರಹ, ಬ್ಯಾರೆ ಯಾರೂ ನೋಡ್ಕೊಳ್ಳೋರು ಇರ್ಲಿಲ್ಲ ಅನ್ನೋ ಪುರಾವೆ ಆವಾಗಿಂದಾವಾಗೇ ತಗೋರಿ. ಕನ್ನಡದಾಗ ಇದ್ದದ್ದನ್ನ ಇಂಗ್ಲಿಷಿಗೆ ಅನುವಾದ ಮಾಡಿಸ್ರಿ.

ಇಷ್ಟು ದಿನ ಹೊಂದಿಸಿ ಕೊಡ್ತೀವಿ ಅನ್ನೋ ಏಜೆಂಟರ ಮಾತಿಗೆ ಮಾತ್ರ ಬೀಳಬ್ಯಾಡ್ರಿ. ಸುಳ್ಳು ಹೇಳಿದ್ದು ಸಾಬೀತಾದ್ರ 5 ವರ್ಷ ಪೌರತ್ವದ ದಾರಿ ಬಂದ್, ಸಿಕ್ಕ ಪೌರತ್ವನೂ ಕಸ್ಕೊಂಡಾರು.

ಬೋರ್ಡಿಂಗ್ ಪಾಸಿನ ಅಕ್ಷರ ಲಗೂ ಮಾಸ್ತಾವ. ಹೋದ ಸಲದ್ದು ಬ್ಯಾಗಿನಾಗ ಇದ್ರ ಇವತ್ತೇ ಫೋಟೊ ತಗದಿಡ್ರಿ.