ಸೇವ್ ಮಾಡಿದ್ಯಾ, ಪುಟ್ಟಿ?

ಕೇಳುಗರಿಗೆ ನಮಸ್ಕಾರ. ಮೊನ್ನೆ ಭಾನುವಾರ ತಂಗಿಯ ಮಗಳು ಫೋನ್ ಮಾಡಿದಳು. "ಮಾವ, ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆದೆ. ಓಡ್ತಾನೇ ಇಲ್ಲ."

ಪೈಥಾನ್ ಅಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ, ಸ್ಕ್ರಿಪ್ಟ್ ಅಂದರೆ ಅದರಲ್ಲಿ ಬರೆದ ಆದೇಶಗಳ ಫೈಲು. ಅವಳು ನೋಟ್‌ಪ್ಯಾಡಿನಲ್ಲಿ ಬರೆದದ್ದು ಒಂದೇ ಸಾಲು, ಮನೆಯ ಹಾಲಿನ ಲೆಕ್ಕ. ಪ್ರಿಂಟ್ ಅಂತ ಬರೆದು, ಬ್ರಾಕೆಟ್ ಒಳಗೆ 30, ಒಂದು ಸ್ಟಾರ್ ಗುರುತು, 24. ಸ್ಟಾರ್ ಅಂದರೆ ಗುಣಿಸು; 30 ದಿನ, ದಿನಕ್ಕೆ 24 ರೂಪಾಯಿ. ಸಾಲು ಸರಿಯಾಗಿಯೇ ಇತ್ತು. ಹೊಸಬರು ಎಷ್ಟೋ ಸಲ ಎಡವುವುದು ಬರೆಯುವಾಗಲ್ಲ, ಬರೆದದ್ದನ್ನು ಓಡಿಸುವಾಗ.

"ಡಬಲ್ ಕ್ಲಿಕ್ ಮಾಡಿದ್ರೆ ಏನಾಗುತ್ತೆ?"

"ನೋಟ್‌ಪ್ಯಾಡೇ ಮತ್ತೆ ತೆರೆದುಕೊಳ್ಳುತ್ತೆ."

ಕಳ್ಳ ಸಿಕ್ಕಿದ. ಅವಳು ಫೈಲಿಗೆ 'ಹಾಲು ಡಾಟ್ ಪಿವೈ' ಅಂತ ಹೆಸರಿಟ್ಟಿದ್ದಳು; ಪೈಥಾನ್ ಫೈಲಿನ ಹೆಸರು 'ಡಾಟ್ ಪಿವೈ' ಅಂತ ಮುಗಿಯಬೇಕು. ನೋಟ್‌ಪ್ಯಾಡ್ ಅದರ ಹಿಂದೆ ಸುಮ್ನೆ ಒಂದು 'ಡಾಟ್ ಟಿಎಕ್ಸ್‌ಟಿ' ಅಂಟಿಸಿ, ಅದನ್ನು ಬರೀ ಪಠ್ಯದ ಫೈಲು ಮಾಡಿತ್ತು. ವಿಂಡೋಸ್ ಆ ಬಾಲವನ್ನು ಬಚ್ಚಿಡುತ್ತದೆ. ಯಾಕೆ ಬಚ್ಚಿಡಬೇಕೋ, ನನಗಂತೂ ಇವತ್ತಿಗೂ ಸಿಟ್ಟು ಬರುತ್ತದೆ. ಫೋಲ್ಡರ್‌ನ ವ್ಯೂ ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಆರಿಸಿದರೆ ಕಾಣುತ್ತದೆ. ಬಾಲ ಕತ್ತರಿಸಿದಳು.

ಮತ್ತೆ ಡಬಲ್ ಕ್ಲಿಕ್. "ಮಾವ, ಕಪ್ಪು ಕಿಟಕಿ ಒಂದು ಮಿಂಚಿ ಹೋಯ್ತು!"

ಹೆದರಬೇಡಿ, ಇದು ಒಳ್ಳೇ ಸುದ್ದಿ. ಸ್ಕ್ರಿಪ್ಟ್ ಓಡಿದೆ. ಕೆಲಸ ಮುಗಿದ ಕೂಡಲೇ ಕಿಟಕಿ ಮುಚ್ಚಿಕೊಂಡಿದೆ, ಅಷ್ಟೆ. ಉತ್ತರ ಕಣ್ಣಿಗೆ ಕಾಣಬೇಕಾದರೆ ಆ ಕಿಟಕಿಯನ್ನು ನಾವೇ ಮೊದಲು ತೆರೆದಿಟ್ಟಿರಬೇಕು. ಫೈಲ್ ಇರುವ ಫೋಲ್ಡರ್ ತೆರೆಯಿರಿ. ಮೇಲೆ ವಿಳಾಸ ಕಾಣುವ ಪಟ್ಟಿಯನ್ನು ಕ್ಲಿಕ್ ಮಾಡಿ, ಅಲ್ಲಿರುವುದನ್ನು ಅಳಿಸಿ, ಸಿ ಎಂ ಡಿ ಅಂತ ಮೂರು ಅಕ್ಷರ ಒತ್ತಿ ಎಂಟರ್ ಕೊಡಿ. ಕಪ್ಪು ಕಿಟಕಿ ಅದೇ ಫೋಲ್ಡರ್‌ನಲ್ಲಿ ನಿಂತು ತೆರೆಯುತ್ತದೆ. ಬೇರೆ ಫೋಲ್ಡರ್‌ನಲ್ಲಿ ನಿಂತು ಕೂಗಿದರೆ ಫೈಲಿಗೆ ಕೇಳಿಸದು. ಈಗ ಪೈಥಾನ್, ಒಂದು ಜಾಗ ಬಿಟ್ಟು ಫೈಲಿನ ಪೂರ್ತಿ ಹೆಸರು, ಎಂಟರ್.

ಪೈಥಾನ್ ಅಂದರೆ ಯಾರು ಅಂತ ಕಂಪ್ಯೂಟರ್ ಕೇಳಿದರೆ, ಅದನ್ನು ಹಾಕಿಕೊಳ್ಳುವಾಗ 'ಪಾತ್‌ಗೆ ಸೇರಿಸು' ಎನ್ನುವ ಚೌಕಕ್ಕೆ ಬಹುಶಃ ಟಿಕ್ ಹಾಕಿಲ್ಲ ಅಂತ ಅರ್ಥ. ಪಾತ್ ಅಂದರೆ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಹುಡುಕುವ ಜಾಗಗಳ ಪಟ್ಟಿ. ಇನ್ನೊಮ್ಮೆ ಹಾಕಿಕೊಂಡು ಟಿಕ್ ಮಾಡಿ. ನಮ್ಮ ಹುಡುಗಿ ಮಾಡಿದ್ದಳು.

"ಬಂತು ಮಾವ! 720!"

ಹಿಂದಿನಿಂದ ಅವಳ ಅಜ್ಜಿಯ ದನಿ: "ಈ ತಿಂಗಳು 31 ದಿನ ಕಣೇ."

30 ತೆಗೆದು 31 ಮಾಡಿದಳು. ಕಪ್ಪು ಕಿಟಕಿಯಲ್ಲಿ ಮೇಲ್ಮುಖ ಬಾಣದ ಕೀಲಿ ಒತ್ತಿದರೆ ಹಿಂದಿನ ಸಾಲು ತಾನೇ ಬರುತ್ತದೆ, ಮತ್ತೆ ಬರೆಯಬೇಕಿಲ್ಲ. ಎಂಟರ್ ಒತ್ತಿದಳು.

"ಮತ್ತೆ 720 ಮಾವ!"

"ಸೇವ್ ಮಾಡಿದ್ಯಾ, ಪುಟ್ಟಿ?"

ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಕೀಲಿಗಳ ಟಕಟಕ. "744," ಅಂದಳು, ಮೆಲ್ಲಗೆ.