ತೇಲಿಬಂದ ಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಕಥೆ. ಯಾರದು ಅಂತ ಊಹಿಸಿ. ತಾಯಿ ಗುಟ್ಟಾಗಿ ಹೆರುತ್ತಾಳೆ. ಕೂಸನ್ನು ಬುಟ್ಟಿಯಲ್ಲಿಟ್ಟು ಹೊಳೆಗೆ ಬಿಡುತ್ತಾಳೆ. ಯಾರೋ ಬಡವ ಎತ್ತಿಕೊಂಡು ಸಾಕುತ್ತಾನೆ. ಹುಡುಗ ಬೆಳೆದು ರಾಜನಾಗುತ್ತಾನೆ.

ಕರ್ಣ ಅಂದುಕೊಂಡಿರಿ, ಅಲ್ವಾ? ನಾನು ಹೇಳಿದ್ದು ಅಕ್ಕಾಡ್ ದೊರೆ ಸಾರ್ಗೋನನ ಕಥೆ. ಮೆಸೊಪೊಟೇಮಿಯಾದ ಮಣ್ಣಿನ ಹಲಗೆಗಳಲ್ಲಿ ಸಿಕ್ಕಿದ್ದು. ಅವನ ಜೊಂಡಿನ ಬುಟ್ಟಿಗೆ ನೀರು ಸೋರದಂತೆ ಡಾಂಬರು ಹಚ್ಚಿದ್ದರು. ಬೈಬಲ್ಲಿನ ಮೋಶೆಯ ಬುಟ್ಟಿಗೂ ಹಾಗೇ. ಕರ್ಣನ ಪೆಟ್ಟಿಗೆಗೆ ಮೇಣ. 1938ರಲ್ಲಿ ಸೂಪರ್‌ಮ್ಯಾನ್ ಬಂದಾಗ ಬುಟ್ಟಿಯ ಜಾಗದಲ್ಲಿ ರಾಕೆಟ್ ಇತ್ತು, ಹೊಳೆಯ ಜಾಗದಲ್ಲಿ ಆಕಾಶ.

ಹೀಗೆ ಮತ್ತೆ ಮತ್ತೆ ಬರುವ ಅಚ್ಚನ್ನು ಆರ್ಕಿಟೈಪ್ ಅನ್ನುತ್ತಾರೆ. ಮೂಲಮಾದರಿ ಅನ್ನೋಣ. ಇದು ಮನುಷ್ಯರೆಲ್ಲರ ಮನಸ್ಸಿನ ಆಳದಲ್ಲೇ ಇದೆ ಅಂದವರು ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್. ಜಾನಪದ ವಿದ್ವಾಂಸರು ಅಷ್ಟು ದೂರ ಹೋಗುವುದಿಲ್ಲ. ಅವರು ಪಾಠಾಂತರಗಳನ್ನು, ಅಂದರೆ ಒಂದೇ ಕಥೆಯ ಬೇರೆ ಬೇರೆ ರೂಪಗಳನ್ನು, ಕೂಡಿಹಾಕಿ ಎಣಿಸುತ್ತಾರೆ. ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಸಣ್ಣ ಘಟಕಗಳಿಗೆ ಅವರು ಆಶಯ (ಮೋಟಿಫ್) ಅನ್ನುತ್ತಾರೆ. ಅವರಲ್ಲೊಬ್ಬರಾದ ಸ್ಟಿತ್ ಥಾಮ್ಸನ್ ಮಾಡಿದ ಆಶಯಗಳ ಸೂಚಿಯಲ್ಲಿ ನಮ್ಮ ಪೆಟ್ಟಿಗೆಗೂ ಒಂದು ನಂಬರ್ ಇದೆ: ಎಸ್ 331. ಸಂಶೋಧನೆಗೆ ಇಳಿಯುವವರು ಮೊದಲು ಆ ಸೂಚಿ ತೆರೆಯಿರಿ. ನೀವು ಕಂಡುಹಿಡಿದೆ ಅಂದುಕೊಂಡಿದ್ದು ಅಲ್ಲಿ ಆಗಲೇ ಇರುತ್ತದೆ. ಸ್ವಲ್ಪ ಬೇಜಾರಾಗುತ್ತದೆ, ಆದರೆ ತಿಂಗಳುಗಟ್ಟಲೆ ಕೆಲಸ ಉಳಿಯುತ್ತದೆ.

ಹೋಲಿಕೆ ಹುಡುಕುವುದು ಸುಲಭ. ಜಾಸ್ತಿಯೇ ಸುಲಭ. 1936ರಲ್ಲಿ ಇಂಗ್ಲಿಷ್ ವಿದ್ವಾಂಸ ಲಾರ್ಡ್ ರ್‍ಯಾಗ್ಲನ್ ಪುರಾಣವೀರನ ಬದುಕಿಗೆ 22 ಲಕ್ಷಣಗಳ ಪಟ್ಟಿ ಕೊಟ್ಟರು. ಇದಕ್ಕೆ ಚೆನ್ನಾಗಿ ಹೊಂದುವ ವೀರ ಚರಿತ್ರೆಯಲ್ಲಿ ಇದ್ದಿರಲಾರ ಎಂಬುದು ಅವರ ವಾದ. ಫ್ರಾನ್ಸಿಸ್ ಲೀ ಅಟ್ಲಿ ಎಂಬ ವಿದ್ವಾಂಸರು ಅದೇ ಪಟ್ಟಿಯನ್ನು ಅಬ್ರಹಾಂ ಲಿಂಕನ್ನರಿಗೆ ಹೊಂದಿಸಿ ತೋರಿಸಿ ಎಲ್ಲರನ್ನೂ ನಗಿಸಿದರು. ಪಟ್ಟಿ ಸಡಿಲವಾಗಿದ್ದರೆ ಯಾರನ್ನು ಬೇಕಾದರೂ ತುರುಕಬಹುದು.

ಸಿನಿಮಾ, ಗೇಮ್‌ಗಳ ಮೇಲೆ ಕೆಲಸ ಮಾಡುವವರಿಗೆ ಇನ್ನೊಂದು ಹಳ್ಳ ಕಾದಿದೆ. ವೀರ ಮನೆ ಬಿಡುತ್ತಾನೆ, ಪರೀಕ್ಷೆ ಗೆಲ್ಲುತ್ತಾನೆ, ಮರಳುತ್ತಾನೆ ಎಂಬ ಯಾನದ ನಕ್ಷೆಯನ್ನು ಪುರಾಣಗಳ ವಿದ್ವಾಂಸ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ಕೊಟ್ಟರು. 1980ರ ದಶಕದಲ್ಲಿ ಚಿತ್ರಕಥೆಗಳ ಸಲಹೆಗಾರ ಕ್ರಿಸ್ಟೋಫರ್ ವೋಗ್ಲರ್ ಅದನ್ನು ಏಳು ಪುಟಕ್ಕೆ ಇಳಿಸಿದರು. ಆ ಏಳು ಪುಟ ಹಾಲಿವುಡ್‌ನಲ್ಲಿ ಕೈಯಿಂದ ಕೈಗೆ ಓಡಾಡಿತು. ಚಿತ್ರಕಥೆ ಬರೆಯುವವರು ನಕ್ಷೆ ಎದುರಿಗಿಟ್ಟುಕೊಂಡೇ ಬರೆದರು. ಈಗ ನೀವು ಅಂಥ ಒಂದು ಚಿತ್ರ ನೋಡಿ, 'ಆಹಾ, ಇದರಲ್ಲೂ ಮೂಲಮಾದರಿ ಇದೆ' ಅಂದರೆ? ಇರದೆ ಏನು! ಅವರೇ ಇಟ್ಟಿದ್ದು.

ಹಾಗಾದರೆ ಏನು ನೋಡಬೇಕು? ನಾನು ಅಚ್ಚು ಎಲ್ಲಿ ಮುರಿಯುತ್ತದೆ ಅಂತ ನೋಡುತ್ತೇನೆ. ಸಾಮಾನ್ಯವಾಗಿ ದೊಡ್ಡ ಮನೆಯ ಕೂಸು ಬಡವರ ಕೈ ಸೇರುತ್ತದೆ. ಸಾರ್ಗೋನನನ್ನು ಸಾಕಿದವನು ನೀರು ಸೇದುವವನು, ಕರ್ಣನನ್ನು ಸಾಕಿದವನು ಸೂತ. ಮೋಶೆಯದು ತಿರುಗುಮುರುಗು: ದಾಸ್ಯದಲ್ಲಿದ್ದ ಜನರ ಕೂಸು ಅರಮನೆ ಸೇರುತ್ತದೆ. ಇದನ್ನು ಗುರುತಿಸಿದ ಮನೋವಿಶ್ಲೇಷಕ ಫ್ರಾಯ್ಡ್, ಮೋಶೆ ನಿಜಕ್ಕೂ ಈಜಿಪ್ಟಿನವನು ಎನ್ನುವ ತನಕ ಹೋದರು. ಅದನ್ನು ನಾನು ಒಪ್ಪುವುದಿಲ್ಲ. ಆದರೆ ಅವರು ಬೆರಳಿಟ್ಟ ಜಾಗ ಸರಿಯಾಗಿತ್ತು. ಇನ್ನು ಕರ್ಣ. ಹುಟ್ಟು ಗೊತ್ತಾದ ಮೇಲೆ ವೀರ ತನ್ನವರನ್ನು ಸೇರಬೇಕು. ಇವನು ಗೊತ್ತಾದರೂ ಬರುವುದಿಲ್ಲ. ಅರ್ಜುನನನ್ನು ನಾಯಕನನ್ನಾಗಿ ಮಾಡಿ ಕಾವ್ಯ ಬರೆಯಲು ಕೂತ ಪಂಪನಿಗೂ ಅವನನ್ನು ಬದಿಗಿಡಲು ಆಗಲಿಲ್ಲ. ಸೂಪರ್‌ಮ್ಯಾನ್ ಬೇರೆ ಗ್ರಹದಿಂದ ಬಂದು ಇಲ್ಲಿಯವನಾಗಿಬಿಡುತ್ತಾನೆ. ಅವನನ್ನು ಸೃಷ್ಟಿಸಿದ ಇಬ್ಬರು ಹುಡುಗರು ವಲಸೆ ಬಂದ ಯಹೂದಿ ಮನೆತನದವರು. ಇದು ಸುಮ್ನೆ ಕಾಕತಾಳೀಯ ಅಂತ ನನಗನ್ನಿಸುವುದಿಲ್ಲ.

ಇಷ್ಟೆಲ್ಲದರಲ್ಲೂ ಕಥೆ ಪೆಟ್ಟಿಗೆಯ ಜೊತೆ ತೇಲಿ ಹೋಗುತ್ತದೆ. ದಡದಲ್ಲಿ ನಿಂತ ತಾಯಿ ಆ ಕಥೆಯ ಕೇಂದ್ರವಾಗುವುದಿಲ್ಲ. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಒಂದು ಕನ್ನಡ ಜನಪದ ಕಥೆ ಮಾತ್ರ ಅವಳ ಜೊತೆಗೇ ಉಳಿಯುತ್ತದೆ. ಮಗನನ್ನೇ ಮದುವೆಯಾಗುತ್ತೀಯ ಎಂಬ ಹಣೆಬರಹ ಹೊತ್ತ ಹುಡುಗಿ ಅದು. ಹುಟ್ಟಿದ ಮಗನನ್ನು ತನ್ನ ಸೀರೆಯ ತುಂಡಿನಲ್ಲಿ ಸುತ್ತಿ ನೀರಿಗೆ ಬಿಡುತ್ತಾಳೆ. ಅವನು ಬೇರೆಡೆ ಬೆಳೆದು, ಗೊತ್ತಿಲ್ಲದೆ ಅವಳನ್ನೇ ಮದುವೆಯಾಗುತ್ತಾನೆ. ಗ್ರೀಕರ ಈಡಿಪಸ್ ಕಥೆಯದೇ ಸಾಮಗ್ರಿ. ಆದರೆ ಅಲ್ಲಿ ಮಗನ ಕಥೆ, ಇಲ್ಲಿ ತಾಯಿಯ ಕಥೆ. ಹೆಂಗಸರು ಹೇಳುವ ಕಥೆ. ಆ ಸೀರೆಯ ತುಂಡು ಕಣ್ಣಿಗೆ ಬಿದ್ದು ಅವಳಿಗೆ ಎಲ್ಲ ತಿಳಿಯುತ್ತದೆ. ಆಗಲೇ ಇನ್ನೊಂದು ಕೂಸು ತೊಟ್ಟಿಲಲ್ಲಿದೆ. ತೂಗುತ್ತಾ ಜೋಗುಳ ಹಾಡುತ್ತಾಳೆ. ಆ ಜೋಗುಳದಲ್ಲಿ ಕೂಸು ಅವಳಿಗೆ ಮಗ, ಮೊಮ್ಮಗ, ಗಂಡನ ತಮ್ಮ, ಎಲ್ಲವೂ. ಕೂಸು ನಿದ್ದೆ ಹೋದ ಮೇಲೆ, ಸೀರೆಯನ್ನೇ ಹುರಿ ಮಾಡಿ ತೊಲೆಗೆ ಕಟ್ಟುತ್ತಾಳೆ.